ಕಾರ್ಬುರೇಟರ್ ಕಾರು ಬೆಳಿಗ್ಗೆ ಸ್ಟಾರ್ಟ್ ಆಗ್ತಿಲ್ವಾ? ಪದೇ ಪದೇ ಕೇಳುವ ಪ್ರಶ್ನೆಗಳು

ಪೆಟ್ರೋಲ್‌ಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಕಾರ್ಬುರೇಟರ್ ಇದ್ದ, ಚೋಕ್ ಎಳೆದು ಸ್ಟಾರ್ಟ್ ಮಾಡುವ ಕಾಲದ ಗಾಡಿಗಳಿಗಾಗಿ ಬರೆದದ್ದು ಇದು: ಹಳೆ ಮಾರುತಿ 800, ಓಮ್ನಿ, ಪ್ರೀಮಿಯರ್ ಪದ್ಮಿನಿ, ಪೆಟ್ರೋಲ್ ಅಂಬಾಸಡರ್. ಎಂಪಿಎಫ್‌ಐ, ಅಂದರೆ ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ಗಾಡಿ ಇರುವವರಿಗೆ ಬ್ಯಾಟರಿಯ ಭಾಗ ಬಿಟ್ಟರೆ ಇಲ್ಲಿ ಹೆಚ್ಚೇನೂ ಸಿಗುವುದಿಲ್ಲ.

ಹಳೆ ಗಾಡಿ ಅಂದಮೇಲೆ ಚಳಿಗಾಲದಲ್ಲಿ ಬೆಳಿಗ್ಗೆ ಹಠ ಮಾಡೋದು ಮಾಮೂಲಿ ಅಲ್ವಾ?

ಅಲ್ಲ. ಬೆಂಗಳೂರಿನಲ್ಲಿ ಇದುವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಬೀದರ್, ಮಡಿಕೇರಿ ಕಡೆ ಚಳಿ ಇನ್ನೂ ಸ್ವಲ್ಪ ಜಾಸ್ತಿ ಇರಬಹುದು, ಆದರೂ ಹಿಮ ಬೀಳುವ ಚಳಿಯಲ್ಲ. ಈ ಎಂಜಿನ್‌ಗಳ ಮೂಲ ಜಪಾನ್, ಇಟಲಿ, ಇಂಗ್ಲೆಂಡ್. ಹಿಮ ಬೀಳುವ ಊರುಗಳಲ್ಲಿ ಬೆಳಿಗ್ಗೆ ಎದ್ದು ಓಡಲೆಂದೇ ಮಾಡಿದವು. ನಮ್ಮ 12 ಡಿಗ್ರಿ ಅವಕ್ಕೆ ಲೆಕ್ಕಕ್ಕಿಲ್ಲ. ಹಾಗಿದ್ದೂ ಸ್ಟಾರ್ಟ್ ಆಗುತ್ತಿಲ್ಲ ಅಂದರೆ ಎಲ್ಲೋ ಒಂದು ದೋಷ ಇದೆ, ಚಳಿ ಅದನ್ನು ಹೊರಗೆ ಹಾಕಿದೆ ಅಷ್ಟೇ.

ಚಳಿಯಲ್ಲಿ ಎಂಜಿನ್ ಒಳಗೆ ಆಗೋದೇನು?

ಮೂರು ಸಂಗತಿ ಒಟ್ಟಿಗೆ ಆಗುತ್ತವೆ. ಬ್ಯಾಟರಿ ಕೊಡುವ ಕರೆಂಟ್ ಕಡಿಮೆಯಾಗುತ್ತದೆ. ಆಯಿಲ್ ಗಟ್ಟಿಯಾಗುವುದರಿಂದ ಎಂಜಿನ್ ತಿರುಗಿಸಲು ಅದೇ ಬ್ಯಾಟರಿ ಜಾಸ್ತಿ ಕಷ್ಟಪಡಬೇಕು. ಮೂರನೆಯದು ಪೆಟ್ರೋಲ್. ದ್ರವವಾಗಿರುವ ಪೆಟ್ರೋಲ್‌ಗೆ ಬೆಂಕಿ ಹತ್ತುವುದಿಲ್ಲ, ಹತ್ತುವುದು ಅದರ ಆವಿಗೆ. ತಣ್ಣಗಿರುವ ಇನ್‌ಟೇಕ್ ಮ್ಯಾನಿಫೋಲ್ಡ್ (ಕಾರ್ಬುರೇಟರ್‌ನಿಂದ ಸಿಲಿಂಡರ್‌ಗೆ ಹೋಗುವ ಕೊಳವೆ) ಒಳಗೆ ಪೆಟ್ರೋಲ್ ಗೋಡೆಗೆ ಅಂಟಿಕೊಂಡು ನಿಲ್ಲುತ್ತದೆ, ಇಡ್ಲಿ ಪಾತ್ರೆಯ ಮುಚ್ಚಳದ ಒಳಗೆ ಹನಿ ಕೂರುವ ಹಾಗೆ. ಸಿಲಿಂಡರ್ ತಲುಪುವುದು ಬಹುಪಾಲು ಗಾಳಿ. ಬಿಸಿ ಎಂಜಿನ್‌ಗೆ ಒಂದು ಕೆಜಿ ಪೆಟ್ರೋಲ್‌ಗೆ ಸುಮಾರು 15 ಕೆಜಿ ಗಾಳಿ ಸಾಕು. ತಣ್ಣಗಿರುವಾಗ ಆ ಲೆಕ್ಕ ನಡೆಯುವುದಿಲ್ಲ, ಪೆಟ್ರೋಲ್ ಎಷ್ಟೋ ಪಾಲು ಜಾಸ್ತಿ ಬೇಕು. ಹಾಗೆ ಪೆಟ್ರೋಲ್ ಪಾಲು ಹೆಚ್ಚಿಸಲೆಂದೇ ಚೋಕ್ ಇರುವುದು.

ಸರಿ, ಎಲ್ಲಿಂದ ಶುರು ಮಾಡಲಿ?

ಕಿವಿಯಿಂದ. ಕೀ ತಿರುಗಿಸಿ, ಸೆಲ್ಫ್ ಸದ್ದು ಕೇಳಿ. ಎಂಜಿನ್ ಎಳೆದೆಳೆದು ನಿಧಾನವಾಗಿ ತಿರುಗಿದರೆ ಕಾರ್ಬುರೇಟರ್ ಕಡೆ ಹೋಗಲೇಬೇಡಿ, ಅದು ಬ್ಯಾಟರಿ ಅಥವಾ ಸೆಲ್ಫ್ ವಿಷಯ. ಚುರುಕಾಗಿ ತಿರುಗಿಯೂ ಹಿಡಿಯದಿದ್ದರೆ ಮಾತ್ರ ಮುಂದಿನ ಹೆಜ್ಜೆ: ಒಂದು ಪ್ಲಗ್ ಬಿಚ್ಚಿ ನೋಡಿ.

ಹೆಚ್ಚಿನವರು ಇಲ್ಲೇ ಎಡವುತ್ತಾರೆ. ಗಾಡಿ ಸ್ಟಾರ್ಟ್ ಆಗಲಿಲ್ಲ ಅಂದ ಕೂಡಲೇ ಸ್ಕ್ರೂ ಡ್ರೈವರ್ ಹಿಡಿದು ಕಾರ್ಬುರೇಟರ್‌ನ ಮಿಕ್ಸಿಂಗ್ ಸ್ಕ್ರೂ (ಐಡ್ಲಿಂಗ್ ಮಿಶ್ರಣ ಹೊಂದಿಸುವ ತಿರುಪು) ತಿರುಗಿಸಲು ಹೋಗುತ್ತಾರೆ. ರಾತ್ರಿ ಸರಿ ಇದ್ದ ಸ್ಕ್ರೂ ಬೆಳಗಾಗುವಷ್ಟರಲ್ಲಿ ತಾನಾಗೇ ತಿರುಗುವುದಿಲ್ಲ. ಅದನ್ನು ಮುಟ್ಟಿದರೆ ಒಂದಿದ್ದ ತೊಂದರೆ ಎರಡಾಗುತ್ತದೆ.

ಪ್ಲಗ್ ನೋಡಿ ಏನು ತಿಳಿಯುತ್ತೆ?

ಮುಕ್ಕಾಲು ವಿಷಯ ತಿಳಿಯುತ್ತದೆ. ಚೋಕ್ ಎಳೆದು ನಾಲ್ಕೈದು ಸಲ ಸೆಲ್ಫ್ ಹೊಡೆದು, ತಕ್ಷಣ ಪ್ಲಗ್ ಬಿಚ್ಚಿ. ತುದಿ ಮೂಗಿನ ಹತ್ತಿರ ಹಿಡಿಯಿರಿ, ಬೆರಳಿಂದ ಮುಟ್ಟಿ.

ಒಣಗಿದೆ, ಪೆಟ್ರೋಲ್ ವಾಸನೆಯೇ ಇಲ್ಲ ಅಂದರೆ ಸಿಲಿಂಡರ್‌ಗೆ ಪೆಟ್ರೋಲ್ ಹೋಗುತ್ತಿಲ್ಲ. ಚೋಕ್ ಕೆಲಸ ಮಾಡುತ್ತಿಲ್ಲ, ಇಲ್ಲವೇ ಫ್ಲೋಟ್ ಬೌಲ್ (ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು) ಖಾಲಿ ಇದೆ, ಇಲ್ಲವೇ ಎಲ್ಲೋ ಗಾಳಿ ಎಳೆಯುತ್ತಿದೆ. ಒದ್ದೆಯಾಗಿದೆ, ಪೆಟ್ರೋಲ್ ಹೊಳೆಯುತ್ತಿದೆ ಅಂದರೆ ಪೆಟ್ರೋಲ್ ಬಂದಿದೆ, ಕಿಡಿ ಬಂದಿಲ್ಲ ಅಥವಾ ಬಂದ ಕಿಡಿಗೆ ಶಕ್ತಿ ಇಲ್ಲ. ಒದ್ದೆಯ ಜೊತೆಗೆ ಕಪ್ಪು ಮಸಿ ಮೆತ್ತಿದ್ದರೆ ಗಾಡಿ ದಿನವೂ ಜಾಸ್ತಿ ಪೆಟ್ರೋಲ್ ಕುಡಿದು ಓಡುತ್ತಿದೆ. ಆ ಮಸಿಯ ಮೇಲೆ ಕರೆಂಟ್ ಹರಿದು ಹೋಗುವುದರಿಂದ ತುದಿಯಲ್ಲಿ ಕಿಡಿ ಹಾರುವುದೇ ಇಲ್ಲ. ವೈರ್ ಬ್ರಶ್‌ನಲ್ಲಿ ಉಜ್ಜಿ ಹಾಕಿದ ಪ್ಲಗ್ ಎರಡು ದಿನ ಓಡಿ ಮತ್ತೆ ಅದೇ ಕಥೆ ಹೇಳಿದರೆ ಹೊಸ ಪ್ಲಗ್ ಹಾಕಿ. ಗ್ಯಾಪ್ 0.7 ರಿಂದ 0.8 ಮಿ.ಮೀ. ಮಾರುತಿಗೆ ಸರಿ. ಬೇರೆ ಗಾಡಿಗೆ ಅದರ ಕೈಪಿಡಿ ನೋಡಿ.

ಪ್ಲಗ್ ಒದ್ದೆ ಇತ್ತು. ಕಿಡಿ ಪರೀಕ್ಷೆ ಹೇಗೆ?

ಬಿಚ್ಚಿದ ಪ್ಲಗ್ಗನ್ನು ವಾಪಸ್ ಹಾಕಿ. ಬೇರೆ ಒಂದು ಒಳ್ಳೆ ಪ್ಲಗ್ ತೆಗೆದುಕೊಂಡು ಆ ವೈರ್‌ಗೆ ಸಿಕ್ಕಿಸಿ, ಅದರ ಲೋಹದ ಮೈ ಎಂಜಿನ್‌ಗೆ ಚೆನ್ನಾಗಿ ತಾಗುವಂತೆ, ಕಾರ್ಬುರೇಟರ್‌ನಿಂದ ದೂರ ಇಡಿ. ಪ್ಲಗ್ ಇಲ್ಲದ ತೂತಿನಿಂದ ಪೆಟ್ರೋಲ್ ಆವಿ ಚಿಮ್ಮುತ್ತದೆ, ಪಕ್ಕದಲ್ಲೇ ಕಿಡಿ ಹಾರಿಸಿದರೆ ಬೆಂಕಿ. ಅದಕ್ಕೇ ತೂತು ಮುಚ್ಚಿ ಅಂದಿದ್ದು.

ಇನ್ನೊಬ್ಬರು ಸೆಲ್ಫ್ ಹೊಡೆಯುವಾಗ ನೋಡಿ. ನೀಲಿ ಬಣ್ಣ, ಚಟ್ ಚಟ್ ಅನ್ನುವ ಸದ್ದು ಇದ್ದರೆ ಕಿಡಿ ಗಟ್ಟಿ. ಹಳದಿ, ಸಪೂರ, ಬಿಟ್ಟು ಬಿಟ್ಟು ಬರುತ್ತಿದ್ದರೆ ಡೆಲ್ಕೊ (ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್) ಮುಚ್ಚಳ ತೆಗೆದು ಒಳಗೆ ತೆರೆದು ಮುಚ್ಚುವ ಪಾಯಿಂಟ್ ನೋಡಿ. ಪಾಯಿಂಟ್‌ನ ಒಂದು ಕಡೆ ಗುಳಿ, ಇನ್ನೊಂದು ಕಡೆ ಗುಬ್ಬಿ ಎದ್ದಿದ್ದರೆ ಪಾಯಿಂಟ್, ಕಂಡೆನ್ಸರ್ ಎರಡನ್ನೂ ಬದಲಿಸುವುದು ವಾಸಿ. ಗ್ಯಾಪ್ ಮಾರುತಿ, ಪದ್ಮಿನಿಗಳಲ್ಲಿ ಸುಮಾರು 0.45 ಮಿ.ಮೀ., ಅಂಬಾಸಡರ್‌ನಲ್ಲಿ 0.35 ರಿಂದ 0.40. ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿಗಳು) ಇಲ್ಲದೆ ಬ್ಲೇಡ್ ತುಂಡು ಇಟ್ಟು ಗ್ಯಾಪ್ ನೋಡುವವರಿದ್ದಾರೆ. ರಸ್ತೆಯಲ್ಲಿ ಕೆಟ್ಟು ನಿಂತಾಗ ಪರವಾಗಿಲ್ಲ. ಮನೆಯಲ್ಲಿ ಆ ಕಂಜೂಸ್‌ತನ ಯಾಕೆ?

ಸೆಲ್ಫ್ ನಿಧಾನ ತಿರುಗುತ್ತೆ. ಹೊಸ ಬ್ಯಾಟರಿ ಹಾಕಿಸಿದೆ, ಆದರೂ ಅಷ್ಟೇ.

ಹಾಗಾದರೆ ವೈರಿಂಗ್ ನೋಡಬೇಕು. ಒಂದು ಮಲ್ಟಿಮೀಟರ್ ಸಾಕು. ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿಯಲ್ಲಿ 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್, 12.2 ಇದ್ದರೆ ಅರ್ಧ. ಸೆಲ್ಫ್ ಹೊಡೆಯುವಾಗ 10ಕ್ಕಿಂತ ಕೆಳಗೆ ಬೀಳಬಾರದು. ಇದು ಸರಿ ಇದ್ದರೆ ಮೀಟರ್‌ನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಎಂಜಿನ್ ಬ್ಲಾಕ್‌ನ ಬರಿ ಲೋಹಕ್ಕೆ ಹಿಡಿದು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಬ್ಯಾಟರಿ ಮೈನಸ್ಸನ್ನು ಗಾಡಿಯ ಮೈಗೆ, ಎಂಜಿನ್‌ಗೆ ಜೋಡಿಸುವ ಅರ್ತಿಂಗ್ ಪಟ್ಟಿ ತುಕ್ಕು ಹಿಡಿದಿದೆ ಅಥವಾ ಬೋಲ್ಟ್ ಸಡಿಲವಾಗಿದೆ. ಕರಾವಳಿ ಗಾಡಿಗಳಲ್ಲಿ ಇದು ತುಂಬಾ ಕಾಮನ್. ಅರ್ಧ ಗಂಟೆಯ ಕೆಲಸ, ಉಪ್ಪು ಕಾಗದ ಮತ್ತು ಸ್ಪ್ಯಾನರ್ ಇದ್ದರೆ ಸಾಕು. ಇದನ್ನು ನೋಡದೆ ಬ್ಯಾಟರಿ ಮೇಲೆ ಬ್ಯಾಟರಿ ಬದಲಿಸುವವರನ್ನು ಕಂಡರೆ ಪಾಪ ಅನ್ನಿಸುತ್ತದೆ.

ಅದೂ ಸರಿ ಇದ್ದರೆ ಸೆಲ್ಫ್ ಮೋಟರ್ ಬುಷ್, ಕಾರ್ಬನ್ ಬ್ರಶ್ ಸವೆದಿರಬಹುದು. ಅದು ಎಲೆಕ್ಟ್ರಿಷಿಯನ್ ಕೆಲಸ.

ಸೆಲ್ಫ್ ಹೊಡೆಯುವಾಗ ಹಿಡಿಯಲ್ಲ, ಕೀ ಬಿಟ್ಟ ಕ್ಷಣ ಹಿಡಿಯುತ್ತೆ. ಇದೇನು ವಿಚಿತ್ರ?

ವಿಚಿತ್ರ ಏನಿಲ್ಲ. ಸೆಲ್ಫ್ ಮೋಟರ್ ಕರೆಂಟನ್ನೆಲ್ಲ ತಾನೇ ಎಳೆದುಕೊಂಡಾಗ ಇಗ್ನಿಷನ್ ಕಾಯಿಲ್‌ಗೆ ವೋಲ್ಟೇಜ್ ಉಳಿಯುವುದಿಲ್ಲ. ಕೀ ಬಿಟ್ಟಾಗ ಎಂಜಿನ್ ಇನ್ನೂ ಅರ್ಧ ಸುತ್ತು ತಿರುಗುತ್ತಿರುತ್ತದೆ, ವೋಲ್ಟೇಜ್ ವಾಪಸ್ ಬರುತ್ತದೆ, ಕಿಡಿ ಹಾರುತ್ತದೆ. ಬ್ಯಾಟರಿ ಸುಸ್ತಾಗಿದೆ ಅಥವಾ ಕನೆಕ್ಷನ್ ಕೆಟ್ಟಿದೆ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಸುಳಿವು ಇಲ್ಲ.

ಚೋಕ್ ಸರಿಯಾಗಿ ಕೆಲಸ ಮಾಡ್ತಿದೆಯಾ ಅಂತ ಹೇಗೆ ನೋಡೋದು?

ಏರ್ ಫಿಲ್ಟರ್ ಡಬ್ಬಿ ತೆಗೆದು ಕಾರ್ಬುರೇಟರ್ ಬಾಯಿ ನೋಡಿ. ಒಬ್ಬರು ಒಳಗೆ ಕೂತು ಚೋಕ್ ಪೂರ್ತಿ ಎಳೆಯಲಿ. ಮೇಲಿನ ತಗಡಿನ ಮುಚ್ಚಳ, ಅಂದರೆ ಚೋಕ್ ಫ್ಲಾಪ್, ಬಾಯಿಯನ್ನು ಪೂರ್ತಿ ಮುಚ್ಚಬೇಕು. ಕಾಲು ಭಾಗ ತೆರೆದೇ ನಿಂತರೆ ಕೇಬಲ್ ಹಿಡಿದಿರುವ ಸ್ಕ್ರೂ ಜಾರಿದೆ. ಸ್ಕ್ರೂ ಸಡಿಲ ಮಾಡಿ, ಫ್ಲಾಪ್ ಕೈಯಿಂದ ಮುಚ್ಚಿ ಹಿಡಿದು, ಕೇಬಲ್ ಎಳೆದು ಟೈಟ್ ಮಾಡಿ. ಆಮೇಲೆ ಚೋಕ್ ಒಳಗೆ ತಳ್ಳಿ, ಫ್ಲಾಪ್ ಪೂರ್ತಿ ತೆರೆಯುತ್ತದೆಯೇ ನೋಡಿ. ತೆರೆಯದೆ ಓಡಿಸಿದರೆ ಪೆಟ್ರೋಲ್ ಬಂಕ್‌ನವನಿಗೆ ಲಾಭ. ಕೇಬಲ್ ಒಳಗೆ ತುಕ್ಕು ಹಿಡಿದು ಅಂಟಿಕೊಂಡಿದ್ದರೆ ಎರಡು ಹನಿ ಎಣ್ಣೆ ಬಿಡಿ, ಅದಕ್ಕೂ ಬಗ್ಗದಿದ್ದರೆ ಕೇಬಲ್ ಬದಲಿಸಿ.

ಬಾಯಲ್ಲಿ ಫ್ಲಾಪ್ ಕಾಣಿಸುವುದೇ ಇಲ್ವಾ? ಗಾಬರಿ ಬೇಡ. ಪದ್ಮಿನಿ, ಅಂಬಾಸಡರ್‌ಗಳಲ್ಲಿ ಬರುತ್ತಿದ್ದ ಸೋಲೆಕ್ಸ್ ಕಾರ್ಬುರೇಟರ್‌ಗಳಲ್ಲಿ ಫ್ಲಾಪ್ ಬದಲು ಪಕ್ಕದಲ್ಲಿ ಒಂದು ಚಿಕ್ಕ ಸ್ಟಾರ್ಟರ್ ಇರುತ್ತದೆ. ಚೋಕ್ ಎಳೆದರೆ ಅದರೊಳಗಿನ ಬಿಲ್ಲೆ ತಿರುಗಿ, ದಪ್ಪ ಮಿಶ್ರಣ ಹೋಗಲು ಬೇರೆಯೇ ದಾರಿ ತೆರೆಯುತ್ತದೆ. ಇಲ್ಲಿ ನೋಡಬೇಕಾದ್ದು ಕಾರ್ಬುರೇಟರ್ ಪಕ್ಕದ ಲಿವರ್ ಪೂರ್ತಿ ತಿರುಗುತ್ತಿದೆಯೇ ಎಂದು.

ಸೆಲ್ಫ್ ಹೊಡೆಯುವಾಗ ಎಕ್ಸಲರೇಟರ್ ಒತ್ತಬೇಕೋ ಬೇಡವೋ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಇಬ್ಬರೂ ಸರಿ, ಗಾಡಿ ಬೇರೆ ಬೇರೆ. ಫ್ಲಾಪ್ ಇರುವ ಕಾರ್ಬುರೇಟರ್‌ನಲ್ಲಿ ಕೀ ತಿರುಗಿಸುವ ಮುಂಚೆ ಒಂದೆರಡು ಸಲ ಪೆಡಲ್ ಒತ್ತಿ ಬಿಟ್ಟರೆ ಎಕ್ಸಲರೇಟರ್ ಪಂಪ್ ಸ್ವಲ್ಪ ಪೆಟ್ರೋಲ್ ಚಿಮ್ಮಿಸುತ್ತದೆ, ಅನುಕೂಲ. ಮೇಲೆ ಹೇಳಿದ ಸ್ಟಾರ್ಟರ್ ಇರುವ ಸೋಲೆಕ್ಸ್‌ನಲ್ಲಿ ಸೆಲ್ಫ್ ಹೊಡೆಯುವಾಗ ಕಾಲು ಪೆಡಲ್ ಮೇಲೆ ಇರಲೇಬಾರದು. ಆ ಸ್ಟಾರ್ಟರ್ ಕೆಲಸ ಮಾಡುವುದು ಎಂಜಿನ್ ಎಳೆತದಿಂದ. ಪೆಡಲ್ ಒತ್ತಿ ಥ್ರಾಟಲ್ (ಎಂಜಿನ್‌ಗೆ ಮಿಶ್ರಣ ಬಿಡುವ ಬಾಗಿಲು) ತೆರೆದರೆ ಎಳೆತ ಹೋಗುತ್ತದೆ, ಸ್ಟಾರ್ಟರ್‌ನಿಂದ ಪೆಟ್ರೋಲ್ ಬರುವುದಿಲ್ಲ. ಮಾರುತಿ ಓಡಿಸಿ ಅಭ್ಯಾಸ ಇರುವವರು ಅಪ್ಪನ ಕಾಲದ ಪದ್ಮಿನಿಗೆ ಕೂತು ಪೆಡಲ್ ತುಳಿದು ತುಳಿದು ಬ್ಯಾಟರಿ ಇಳಿಸುವುದು ಇದಕ್ಕೇ.

ಜಾಸ್ತಿ ಚೋಕ್ ಎಳೆದು ಓವರ್‌ಫ್ಲೋ ಆಗಿದೆ. ಈಗೇನು?

ಚೋಕ್ ಪೂರ್ತಿ ಒಳಗೆ ತಳ್ಳಿ. ಹತ್ತು ನಿಮಿಷ ಬಿಟ್ಟು, ಎಕ್ಸಲರೇಟರ್ ತಳಕ್ಕೆ ಒತ್ತಿ ಹಿಡಿದು, ಪಂಪ್ ಮಾಡದೆ, ಸೆಲ್ಫ್ ಹೊಡೆಯಿರಿ. ಒಂದು ಸಲಕ್ಕೆ ಹತ್ತು ಸೆಕೆಂಡ್ ಸಾಕು, ಮಧ್ಯೆ ಅರ್ಧ ನಿಮಿಷ ಸೆಲ್ಫ್‌ಗೆ ಬಿಡುವು ಕೊಡಿ.

ದಿನಾ ಓಡಿಸಿದರೆ ತೊಂದರೆ ಇಲ್ಲ. ವಾರ ನಿಲ್ಲಿಸಿದರೆ ಮಾತ್ರ ಕಷ್ಟ.

ಫ್ಲೋಟ್ ಬೌಲ್‌ನಲ್ಲಿದ್ದ ಪೆಟ್ರೋಲ್ ಆವಿಯಾಗಿ ಹೋಗಿದೆ. ಟ್ಯಾಂಕ್‌ನಿಂದ ಪೆಟ್ರೋಲ್ ತರುವ ಎಸಿ ಪಂಪ್ ಎಂಜಿನ್ ತಿರುಗಿದರೆ ಮಾತ್ರ ಕೆಲಸ ಮಾಡುವಂಥದ್ದು. ಬೌಲ್ ತುಂಬುವವರೆಗೆ ಸೆಲ್ಫ್ ಹೊಡೆಯುತ್ತಲೇ ಇರಬೇಕು, ಅಷ್ಟರಲ್ಲಿ ಬ್ಯಾಟರಿ ಸೋಲುತ್ತದೆ.

ಖಚಿತ ಮಾಡಿಕೊಳ್ಳುವುದು ಸುಲಭ. ಸೆಲ್ಫ್ ಹೊಡೆಯುವ ಮುಂಚೆ ಏರ್ ಫಿಲ್ಟರ್ ತೆಗೆದು, ಕಾರ್ಬುರೇಟರ್ ಬಾಯೊಳಗೆ ಟಾರ್ಚ್ ಬಿಟ್ಟು, ಥ್ರಾಟಲ್ ಲಿವರ್ ಕೈಯಿಂದ ಎಳೆಯಿರಿ. ಒಳಗಿನ ಚಿಕ್ಕ ನಳಿಕೆಯಿಂದ ದಾರದಷ್ಟು ಸಣ್ಣ ಪೆಟ್ರೋಲ್ ಧಾರೆ ಚಿಮ್ಮಬೇಕು. ಚಿಮ್ಮಿದರೆ ಬೌಲ್‌ನಲ್ಲಿ ಪೆಟ್ರೋಲ್ ಇದೆ. ಏನೂ ಬರದಿದ್ದರೆ ಬೌಲ್ ಒಣಗಿದೆ, ಅಥವಾ ಎಕ್ಸಲರೇಟರ್ ಪಂಪ್‌ನ ಡಯಾಫ್ರಮ್ ಹರಿದಿದೆ. ಎಂಜಿನ್ ಬಿಸಿಯಾದ ಮೇಲೆ ಇದನ್ನೇ ಮತ್ತೆ ನೋಡಿ. ಆಗ ಧಾರೆ ಬಂದರೆ ಪಂಪ್ ಸರಿ ಇದೆ, ಬೆಳಿಗ್ಗೆ ಬೌಲ್ ಒಣಗಿತ್ತು ಅಂತಾಯಿತು.

ಒಂದು ವಾರಕ್ಕೆ ಒಣಗುವುದು ಬೇಸಿಗೆಯಲ್ಲಿ ಸಹಜ. ಒಂದೇ ರಾತ್ರಿಗೆ ಒಣಗಿದರೆ ಬೌಲ್ ಸೋರುತ್ತಿದೆ, ಗ್ಯಾಸ್ಕೆಟ್ ನೋಡಿಸಿ. ಬೌಲ್ ತುಂಬಲು ವಿಪರೀತ ಹೊತ್ತು ಹಿಡಿದರೆ ಎಸಿ ಪಂಪ್‌ನ ವಾಲ್ವ್ ಹಿಡಿಯುತ್ತಿಲ್ಲ ಅಥವಾ ರಬ್ಬರ್ ಪೈಪ್ ಬಿರುಕು ಬಿಟ್ಟಿದೆ, ಪೆಟ್ರೋಲ್ ವಾಪಸ್ ಟ್ಯಾಂಕ್‌ಗೆ ಇಳಿಯುತ್ತಿದೆ.

ಕಾರ್ಬುರೇಟರ್ ಬಾಯಿಗೆ ಪೆಟ್ರೋಲ್ ಸುರಿದು ಸ್ಟಾರ್ಟ್ ಮಾಡಬಹುದಾ? ನಮ್ಮ ಮೆಕ್ಯಾನಿಕ್ ಮಾಡ್ತಾರೆ.

ಬಾಟಲಿ ಹಿಡಿದು ಸುರಿಯುತ್ತಾ ಸೆಲ್ಫ್ ಹೊಡೆಸುವುದು ಖಂಡಿತ ಬೇಡ. ಒಂದು ಬ್ಯಾಕ್‌ಫೈರ್ ಆದರೆ ಬೆಂಕಿ ನೇರ ಮುಖಕ್ಕೆ, ಕೈಯಲ್ಲಿ ಪೆಟ್ರೋಲ್ ಬಾಟಲಿ ಬೇರೆ. ಪರೀಕ್ಷೆಗೆ ಬೇಕೇ ಬೇಕು ಅಂದರೆ ಸಿರಿಂಜ್‌ನಲ್ಲಿ ಒಂದು ಚಮಚದಷ್ಟು ಹಾಕಿ, ಬಾಟಲಿ ದೂರ ಇಟ್ಟು, ಏರ್ ಫಿಲ್ಟರ್ ಮುಚ್ಚಿ, ಆಮೇಲೆ ಸೆಲ್ಫ್ ಹೊಡೆಯಿರಿ. ಎರಡು ಸೆಕೆಂಡ್ ಓಡಿ ನಿಂತರೆ ಕಿಡಿ ಸರಿ ಇದೆ, ಪೆಟ್ರೋಲ್ ಬರುತ್ತಿಲ್ಲ ಅಂತ ಅರ್ಥ.

ಚಳಿಗಿಂತ ಮಳೆಗಾಲದಲ್ಲೇ ಜಾಸ್ತಿ ತೊಂದರೆ. ನಾವು ತೀರ್ಥಹಳ್ಳಿ ಕಡೆ.

ಮಲೆನಾಡಿನ ಗಾಡಿಗಳ ನಿಜವಾದ ಶತ್ರು ಥಂಡಿ ಅಲ್ಲ, ತೇವ. ಡೆಲ್ಕೊ ಮುಚ್ಚಳದ ಒಳಗೆ ತೆಳುವಾಗಿ ನೀರು ಕಟ್ಟುತ್ತದೆ, ಪ್ಲಗ್‌ಗೆ ಹೋಗಬೇಕಾದ ಹೈ ಟೆನ್ಷನ್ ಕರೆಂಟ್ ಆ ತೇವದ ಮೇಲೆ ಹರಿದು ಎಂಜಿನ್ ಮೈಗೆ ಇಳಿಯುತ್ತದೆ. ಮುಚ್ಚಳ ಬಿಚ್ಚಿ ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ. ಒಳಗೆ ಪೆನ್ಸಿಲ್‌ನಲ್ಲಿ ಎಳೆದಂಥ ಕಪ್ಪು ಗೆರೆ ಕಂಡರೆ ಮುಚ್ಚಳ ಹೋದಂತೆಯೇ, ಒರೆಸಿ ಪ್ರಯೋಜನವಿಲ್ಲ.

ವೈರ್‌ಗಳನ್ನು ನೋಡಲು ಒಂದು ಒಳ್ಳೆ ಉಪಾಯ ಇದೆ. ಕತ್ತಲಾದ ಮೇಲೆ ಲೈಟ್ ಆರಿಸಿ, ಬಾನೆಟ್ ಎತ್ತಿ, ಎಂಜಿನ್ ಓಡಿಸಿ. ಹಳೆ ವೈರ್‌ಗಳ ಮೇಲೆ ಸಣ್ಣ ನೀಲಿ ಕಿಡಿಗಳು ಹರಿದಾಡುವುದು ಬರಿಗಣ್ಣಿಗೆ ಕಾಣುತ್ತದೆ. ಸ್ಪ್ರೇ ಬಾಟಲಿಯಿಂದ ನೀರಿನ ಮಂಜು ಹೊಡೆದರೆ ಇನ್ನೂ ಚೆನ್ನಾಗಿ ಕಾಣುತ್ತದೆ. ಕೈ ಮಾತ್ರ ದೂರ ಇಡಿ. ಕಿಡಿ ಕಂಡರೆ ಪ್ಲಗ್ ವೈರ್‌ಗಳನ್ನು ಒಂದೊಂದಾಗಿ ಅಲ್ಲ, ಇಡೀ ಸೆಟ್ ಬದಲಿಸಿ.

ಚೋಕ್‌ನಲ್ಲಿ ಸ್ಟಾರ್ಟ್ ಆಗುತ್ತೆ. ಚೋಕ್ ಒಳಗೆ ತಳ್ಳಿದ ಕೂಡಲೇ ಆಫ್.

ಸ್ಲೋ ಜೆಟ್ (ಐಡ್ಲಿಂಗ್‌ಗೆ ಪೆಟ್ರೋಲ್ ಬಿಡುವ ಸಣ್ಣ ತೂತು) ಕಟ್ಟಿಕೊಂಡಿದೆ ಅಥವಾ ಎಂಜಿನ್ ಬೇಡದ ಕಡೆಯಿಂದ ಗಾಳಿ ಎಳೆಯುತ್ತಿದೆ. ಕಾರ್ಬುರೇಟರ್ ಕೆಳಗಿನ ದಪ್ಪ ಇನ್ಸುಲೇಟರ್ ಬಿರುಕು ಬಿಡುವುದು, ಬ್ರೇಕ್ ಬೂಸ್ಟರ್‌ಗೋ ಡೆಲ್ಕೊಗೋ ಹೋಗುವ ವ್ಯಾಕ್ಯೂಮ್ ಪೈಪ್ ಒಣಗಿ ಸೀಳುವುದು ಸಾಮಾನ್ಯ. ಪೈಪ್‌ಗಳನ್ನು ಒಂದೊಂದಾಗಿ ಬೆರಳಲ್ಲಿ ಹಿಸುಕಿ ನೋಡಿ, ಎಂಜಿನ್ ಸದ್ದು ಬದಲಾದ ಕಡೆ ತೊಂದರೆ. ಕೆಲವು ಕಾರ್ಬುರೇಟರ್‌ಗಳಲ್ಲಿ ವೈರ್ ಇರುವ ಒಂದು ಸೊಲೆನಾಯ್ಡ್ ಇರುತ್ತದೆ. ಕೀ ಆನ್ ಮಾಡಿದಾಗ ಅದು ಟಕ್ ಅನ್ನಬೇಕು. ಅನ್ನದಿದ್ದರೆ ಐಡ್ಲಿಂಗ್‌ಗೆ ಪೆಟ್ರೋಲ್ ಬರುವುದಿಲ್ಲ.

ಇತ್ತೀಚೆಗೆ ಎಮಿಷನ್ ಟೆಸ್ಟ್ ಮಾಡಿಸಿದಿರಾ? ಸರ್ಟಿಫಿಕೇಟ್ ಸಿಗಲಿ ಅಂತ ಮಿಕ್ಸಿಂಗ್ ಸ್ಕ್ರೂ ಒಳಗೆ ತಿರುಗಿಸಿ, ಮತ್ತೆ ಸರಿ ಮಾಡದೆ ಕಳಿಸಿರುವ ಸಾಧ್ಯತೆ ಉಂಟು.

ಹತ್ತು ನಿಮಿಷ ಓಡಿದರೂ ಚೋಕ್ ಬೇಕೇ ಬೇಕು.

ಥರ್ಮೋಸ್ಟಾಟ್ ಇದೆಯೇ ಕೇಳಿ. ನಮ್ಮಲ್ಲಿ ಗಾಡಿ ಒಂದು ಸಲ ಹೀಟ್ ಆದರೆ ಸಾಕು, ಥರ್ಮೋಸ್ಟಾಟ್ ಕಿತ್ತು ಎಸೆಯುವುದು ಗ್ಯಾರೇಜ್‌ಗಳ ಹಳೆ ಚಾಳಿ. ಅದಿಲ್ಲದಿದ್ದರೆ ನೀರು ಮೊದಲ ನಿಮಿಷದಿಂದಲೇ ರೇಡಿಯೇಟರ್ ಸುತ್ತುತ್ತದೆ, ಎಂಜಿನ್ ಬಿಸಿಯಾಗುವುದೇ ಇಲ್ಲ. ಚೋಕ್‌ನಲ್ಲೇ ಓಡಿಸಬೇಕು, ಪ್ಲಗ್ ಮಸಿ ಹಿಡಿಯುತ್ತದೆ, ಆಯಿಲ್‌ಗೆ ಪೆಟ್ರೋಲ್ ಇಳಿಯುತ್ತದೆ, ಮಾರನೇ ದಿನ ಸ್ಟಾರ್ಟಿಂಗ್ ಇನ್ನೂ ಕಷ್ಟ. ಟೆಂಪರೇಚರ್ ಮುಳ್ಳು ಸದಾ ತಳದಲ್ಲೇ ಇದ್ದರೆ ಅನುಮಾನವೇ ಬೇಡ. ಹೊಸದು ಹಾಕಿಸಿ, ಅದೇನು ದೊಡ್ಡ ಖರ್ಚಲ್ಲ.

ಸ್ಟಾರ್ಟ್ ಆಗಿ ಚೆನ್ನಾಗೇ ಹೋಗುತ್ತೆ. ಮಂಜಿನಲ್ಲಿ ಸ್ವಲ್ಪ ದೂರ ಹೋದಮೇಲೆ ನಿಂತುಬಿಡುತ್ತೆ, ಐದು ನಿಮಿಷ ಬಿಟ್ಟರೆ ಮತ್ತೆ ಸರಿ.

ಕಾರ್ಬುರೇಟರ್ ಒಳಗೆ ಐಸ್ ಕಟ್ಟುತ್ತಿರಬಹುದು. ಪೆಟ್ರೋಲ್ ಆವಿಯಾಗುವಾಗ ಸುತ್ತಲಿನ ಶಾಖ ಹೀರುತ್ತದೆ, ಗಂಟಲು ಹೊರಗಿನ ಗಾಳಿಗಿಂತ ಎಷ್ಟೋ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದರೆ ಹೊರಗೆ 10 ಡಿಗ್ರಿ ಇದ್ದಾಗಲೂ ಒಳಗೆ ಐಸ್ ಕೂರುತ್ತದೆ. ನಿಂತಾಗ ಎಂಜಿನ್ ಬಿಸಿಗೆ ಅದು ಕರಗುತ್ತದೆ, ಅದಕ್ಕೇ ಮತ್ತೆ ಸರಿ. ಕೆಲವು ಗಾಡಿಗಳ ಏರ್ ಫಿಲ್ಟರ್ ಮೂತಿಯಲ್ಲಿ ಬೇಸಿಗೆ-ಚಳಿಗಾಲದ ಲಿವರ್ ಇರುತ್ತದೆ. ಚಳಿಗಾಲದ ಕಡೆ ತಿರುಗಿಸಿದರೆ ಸೈಲೆನ್ಸರ್ ಮ್ಯಾನಿಫೋಲ್ಡ್ ಹತ್ತಿರದ ಬಿಸಿ ಗಾಳಿ ಬರುತ್ತದೆ. ಆ ಲಿವರ್ ಅಲ್ಲಿದೆ ಅನ್ನುವುದೇ ಎಷ್ಟೋ ಜನರಿಗೆ ಗೊತ್ತಿಲ್ಲ.

ಎಥನಾಲ್ ಪೆಟ್ರೋಲ್ ಬಂದಮೇಲೆ ಹೀಗಾಯ್ತು ಅಂತಾರೆ. ನಿಜವಾ?

ಸ್ವಲ್ಪ ನಿಜ, ಸ್ವಲ್ಪ ನೆಪ. ದೇಶದಲ್ಲಿ 2022ರ ಹೊತ್ತಿಗೆ 10% ಎಥನಾಲ್ ಬೆರಕೆ ಆಯಿತು, 2025ರಲ್ಲಿ 20% ಬಂತು. ಪೆಟ್ರೋಲ್ ಪೂರ್ತಿ ಉರಿಯಲು ಒಂದು ಕೆಜಿಗೆ 14.7 ಕೆಜಿ ಗಾಳಿ ಬೇಕಾದರೆ ಎಥನಾಲ್‌ಗೆ 9 ಸಾಕು. ಇಂಜೆಕ್ಷನ್ ಗಾಡಿಯ ಕಂಪ್ಯೂಟರ್ ಇದನ್ನು ಸರಿದೂಗಿಸುತ್ತದೆ. ಕಾರ್ಬುರೇಟರ್‌ನ ಜೆಟ್ ಹಿತ್ತಾಳೆ ತೂತು, ಅದಕ್ಕೇನು ಗೊತ್ತು? ಅಷ್ಟೇ ಬಿಡುತ್ತದೆ, ಮಿಶ್ರಣ ತೆಳುವಾಗುತ್ತದೆ. ಎಥನಾಲ್ ಆವಿಯಾಗಲು ಪೆಟ್ರೋಲ್‌ಗಿಂತ ಜಾಸ್ತಿ ಶಾಖವೂ ಬೇಕು, ಹಾಗಾಗಿ ಚೋಕ್ ಸ್ವಲ್ಪ ಹೊತ್ತು ಜಾಸ್ತಿ ಬೇಕಾಗಬಹುದು.

ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಹಳೆ ರಬ್ಬರ್ ಪೈಪ್, ಪಂಪ್ ಡಯಾಫ್ರಮ್ ಊದಿಕೊಳ್ಳುತ್ತವೆ ಅಥವಾ ಬಿರಿಯುತ್ತವೆ. ಟ್ಯಾಂಕ್‌ನ ಹಳೆ ಗಸಿ ಕರಗಿ ಫಿಲ್ಟರ್ ಕಟ್ಟುತ್ತದೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಎರಡೂ ಸೇರಿ ಪೆಟ್ರೋಲ್‌ನಿಂದ ಬೇರೆಯಾಗಿ ತಳಕ್ಕೆ ಕೂರುತ್ತವೆ. ಬೆಳಿಗ್ಗೆ ಪಂಪ್ ಮೊದಲು ಎಳೆಯುವುದು ಅದನ್ನೇ. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯ ಟ್ಯಾಂಕ್‌ನಲ್ಲಿ ಹಳೆ ಪೆಟ್ರೋಲ್ ಇಡಬೇಡಿ. ರಬ್ಬರ್ ಭಾಗಗಳನ್ನೆಲ್ಲ ಒಮ್ಮೆ ಎಥನಾಲ್ ತಡೆಯುವಂಥವಕ್ಕೆ ಬದಲಿಸಿಬಿಡಿ.

ಗ್ಯಾಸ್ ಕಿಟ್ ಇದೆ. ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಆಗಲ್ಲ.

ಸದಾ ಗ್ಯಾಸ್‌ನಲ್ಲೇ ಓಡಿಸಿದರೆ ಬೌಲ್ ಒಣಗಿ ಜೆಟ್ ಅಂಟುತ್ತದೆ, ಡಯಾಫ್ರಮ್ ಬಿರಿಯುತ್ತದೆ. ವಾರಕ್ಕೆ ಕೆಲವು ಕಿಲೋಮೀಟರ್ ಪೆಟ್ರೋಲ್‌ನಲ್ಲಿ ಓಡಿಸಿ.

ತಳ್ಳಿ ಸ್ಟಾರ್ಟ್ ಮಾಡಿದರೆ ಎಂಜಿನ್‌ಗೆ ತೊಂದರೆಯಾ?

ಬ್ಯಾಟರಿ ಇಳಿದಿದ್ದಾಗ ಒಮ್ಮೊಮ್ಮೆ ತಳ್ಳಿದರೆ ಏನೂ ಆಗುವುದಿಲ್ಲ. ಎರಡನೇ ಗೇರ್, ಕೀ ಆನ್, ವೇಗ ಬಂದಮೇಲೆ ಕ್ಲಚ್ ಬಿಡಿ. ಸೆಲ್ಫ್ ಚುರುಕಾಗಿ ತಿರುಗಿಯೂ ಹಿಡಿಯದ ಗಾಡಿಯನ್ನು ತಳ್ಳುವುದು ಮಾತ್ರ ಸುಮ್ನೆ ಬೆವರು ಸುರಿಸುವ ಕೆಲಸ. 1995ರ ಏಪ್ರಿಲ್‌ನಿಂದ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾಯಿತು. ಅಂಥ ಗಾಡಿ ನಿಮ್ಮ ಹತ್ತಿರ ಇದ್ದರೆ ತಳ್ಳಲೇಬೇಡಿ. ಉರಿಯದ ಪೆಟ್ರೋಲ್ ಕನ್ವರ್ಟರ್ ಸೇರಿ ಅಲ್ಲಿ ಉರಿಯುತ್ತದೆ.

ಎಲ್ಲಾ ನೋಡಿಯಾಯ್ತು. ಇನ್ನೂ ಕಷ್ಟ.

ಹಾಗಾದರೆ ಕಂಪ್ರೆಷನ್. ಎಲ್ಲ ಪ್ಲಗ್ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದು ಗೇಜ್ ಹಾಕಿಸಿ. ಒಂದು ಸಿಲಿಂಡರ್ ಉಳಿದವಕ್ಕಿಂತ ತುಂಬಾ ಕಡಿಮೆ ತೋರಿಸಿದರೆ ಪ್ಲಗ್ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಮುಳ್ಳು ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್. ಹೆಡ್ ಬಿಚ್ಚುವ ಮಾತಿಗೆ ಮುಂಚೆ ಟ್ಯಾಪೆಟ್ ಗ್ಯಾಪ್ (ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಸಂದು) ನೋಡಿಸಿ. ಗ್ಯಾಪ್ ಇಲ್ಲದೆ ಬಿಗಿಯಾಗಿದ್ದರೆ ವಾಲ್ವ್ ಪೂರ್ತಿ ಕೂರುವುದಿಲ್ಲ, ಒಂದು ಗಂಟೆಯ ಕೆಲಸಕ್ಕೆ ಎಂಜಿನ್ ಕೆಲಸ ಅಂತ ಬಿಲ್ ಬೀಳುತ್ತದೆ.

ಬಿಡಿಭಾಗ ಎಲ್ಲಿ ಸಿಗುತ್ತೆ?

ಬೆಂಗಳೂರಿನ ಜೆ.ಸಿ. ರೋಡ್‌ನಲ್ಲಿ ಹುಡುಕಿ. ಮಾರುತಿ ಸಾಮಾನಿಗೆ ಕಷ್ಟವಿಲ್ಲ, ಪದ್ಮಿನಿ ಸಾಮಾನಿಗೆ ನಾಲ್ಕು ಅಂಗಡಿ ಹತ್ತಿ ಇಳಿಯಬೇಕು. ಹಳೆ ಭಾಗ ಕೈಯಲ್ಲೇ ಹಿಡಿದು ಹೋಗಿ. ಡೂಪ್ಲಿಕೇಟ್ ಕಂಡೆನ್ಸರ್ ಮಾತ್ರ ತರಬೇಡಿ, ಹೊಸದೇ ಕೆಟ್ಟಿರುತ್ತದೆ. ಗಾಡಿಯಲ್ಲಿರುವ ಹಳೆ ಕಂಡೆನ್ಸರ್ ಸರಿ ಇದ್ದರೆ ಬಿಚ್ಚಿದ ಮೇಲೂ ಅದನ್ನು ಎಸೆಯದೆ ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಇಟ್ಟುಕೊಳ್ಳಿ.